ಅಂಗೈ ಬಿಸಿ

ತನಗೆ ಗೊತ್ತಿತ್ತೆ? ಗೊತ್ತಿದ್ದೂ ಹಿಡಿದನೆ, ಹಿಡಿದ ಮೇಲೆ ಗೊತ್ತಾಯಿತೆ, ಅಥವಾ ಈಗ, ಥರ್ಮಾಕೋಲ್ ಡಬ್ಬಿಯ ತಳದಲ್ಲಿ ಉಳಿದ ಐಸಿನ ಚೂರುಗಳ ನಡುವೆ ನೆಟ್ಟ ಈ ಪುಟ್ಟ ಟ್ಯೂಬಿನ ನೀರು ಕಣ್ಣೆದುರಿಗೇ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗುವುದನ್ನು ಕಂಡ ಮೇಲೆ, ಮೊದಲೇ ಗೊತ್ತಿತ್ತೆಂದು ಅನ್ನಿಸತೊಡಗಿದೆಯೆ? ಅಂಜನಕುಮಾರ ಟ್ಯೂಬನ್ನು ಅದರ ಕೆಂಪು ಮುಚ್ಚಳದ ಅಂಚಿನಲ್ಲಿ ಎರಡೇ ಬೆರಳಿನಿಂದ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಆಚೆಯ ಬೇವಿನ ಮರ ಕಾಣಲಿಲ್ಲ. ಮಧ್ಯಾಹ್ನಕ್ಕೆ ಮುಂಚೆ ತಮ್ಮ ಗೈಡ್ ಗುರುಮೂರ್ತಿ ಸರ್ ಕೋಣೆಯಲ್ಲಿ ಇದೇ ಟ್ಯೂಬನ್ನು ಹೀಗೆಯೇ ಹಿಡಿದಾಗ ಕಿಟಕಿಯ ಸರಳು, ಸರಳಿನಾಚೆ ನಿಂತ ಸ್ಕೂಟರಿನ ಕನ್ನಡಿ, ಕನ್ನಡಿಗೆ ಅಂಟಿಸಿದ ನಿಂಬೆಹಣ್ಣಿನ ಚಿತ್ರ ಎಲ್ಲವೂ ಕಂಡಿದ್ದವು. ಅಷ್ಟು ತಿಳಿಯಾಗಿತ್ತು. ಅದು ಆಗ ಬೆಳ್ಳಗಿರಬೇಕಿತ್ತು. ಬೆಳ್ಳಗಿದ್ದಿದ್ದರೆ ಸುಷ್ಮಾ ಈಗ ಪಕ್ಕದ ಮೇಜಿನ ಹತ್ತಿರ ಕೂತು ಬುತ್ತಿ ಬಿಚ್ಚುತ್ತಿದ್ದಳು. ಬುತ್ತಿಯ ಡಬ್ಬಿ ಅಲ್ಲೇ ಇತ್ತು, ಅವಳಿರಲಿಲ್ಲ. ಅದನ್ನು ಮರೆತು, ಯಾರ ಮುಖವನ್ನೂ ನೋಡದೆ, ಹರಿಹರದ ಬಸ್ಸು ಹಿಡಿಯಲು ಹೋಗಿದ್ದಳು. ಬೆಳಿಗ್ಗೆ ಹೋದ ಕರೆಂಟು ಬಂದಿರಲಿಲ್ಲ. ಎ.ಸಿ. ನಿಂತ ಪ್ರಯೋಗಾಲಯದಲ್ಲಿ ಚೈತ್ರದ ಸೆಕೆ ತುಂಬಿಕೊಂಡು, ಗೋಡೆಯ ಬಣ್ಣದ ವಾಸನೆ ಬರುತ್ತಿತ್ತು. ಅವನು ಟ್ಯೂಬನ್ನು ಮತ್ತೆ ಐಸಿಗೆ ನೆಟ್ಟು, ತನ್ನ ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಒರೆಸಿಕೊಳ್ಳುವಂಥದ್ದೇನೂ ಅಂಗೈಯಲ್ಲಿರಲಿಲ್ಲ.

ಅವನೂ ಸುಷ್ಮಾಳೂ ಕೆಲಸ ಮಾಡುತ್ತಿದ್ದದ್ದು ಒಂದೇ ಪ್ರೋಟೀನಿನ ಒಂದೇ ಬಾಲದ ಮೇಲೆ. ಬೇರೆ ಪ್ರೋಟೀನುಗಳು ಮಡಚಿಕೊಂಡು ಗೊತ್ತಾದ ಒಂದು ಆಕಾರಕ್ಕೆ ಬಂದು ಕೂರುತ್ತವೆ. ಈ ಬಾಲಕ್ಕೆ ಅಂಥ ಆಕಾರವಿಲ್ಲ. ಬಿಚ್ಚಿಬಿದ್ದ ದಾರದ ಹಾಗೆ ನೀರಿನಲ್ಲಿ ಸದಾ ಅಲೆಯುತ್ತಿರುತ್ತದೆ. ಆದರೂ ತಣ್ಣಗಾದಾಗ ಅಂಥ ಲೆಕ್ಕವಿಲ್ಲದ ದಾರಗಳು ತಮ್ಮಷ್ಟಕ್ಕೆ ತಾವೇ ಒಂದನ್ನೊಂದು ಹುಡುಕಿ, ಗುಂಪುಗೂಡಿ, ನೀರಿನೊಳಗೇ ಹನಿಗಟ್ಟುತ್ತವೆ, ನೀರು ಬೆಳ್ಳಗಾಗುತ್ತದೆ. ಬಿಸಿ ತಾಗಿದರೆ ಬಿಟ್ಟುಹೋಗುತ್ತವೆ, ನೀರು ತಿಳಿಯಾಗುತ್ತದೆ. ಯಾಕೆ ಗುಂಪುಗೂಡುತ್ತವೆ ಎಂಬುದೇ ಪ್ರಶ್ನೆ. ವಿದ್ಯುದಂಶದಿಂದ ಎಂದು ಅಂಜನಕುಮಾರನ ಪಿಎಚ್.ಡಿ. ಪ್ರಬಂಧದ ನಾಲ್ಕನೆಯ ಅಧ್ಯಾಯ ಹೇಳುತ್ತಿತ್ತು. ದಾರದಲ್ಲಿ ಪೋಣಿಸಿದ ಅರ್ಜಿನೈನ್ ಎಂಬ ಮಣಿಗೆ ಧನ ವಿದ್ಯುದಂಶವಿದೆ, ಅದೇ ಉಳಿದ ಮಣಿಗಳನ್ನು ಎಳೆಯುತ್ತದೆ, ಆಕಾರಕ್ಕೆ ಇಲ್ಲಿ ಕೆಲಸವಿಲ್ಲ. ಗುರುಮೂರ್ತಿ ಸರ್ ಆ ಅಧ್ಯಾಯವನ್ನು ಎರಡು ಸಮ್ಮೇಳನಗಳಲ್ಲಿ ತಾವೇ ಓದಿ ಬಂದಿದ್ದರು. ಆಮೇಲೆ ಬಂದ ಸುಷ್ಮಾ ಅರ್ಜಿನೈನ್ ಇದ್ದ ಕಡೆಯಲ್ಲೆಲ್ಲ ಅದನ್ನು ತೆಗೆದು ಲೈಸೀನ್ ಎಂಬ ಇನ್ನೊಂದು ಮಣಿಯನ್ನಿಟ್ಟಳು. ವಿದ್ಯುದಂಶ ಮೊದಲಿನಷ್ಟೇ. ಬದಲಾದದ್ದು ಮಣಿಯ ತುದಿಯ ಆಕಾರ: ಅರ್ಜಿನೈನಿನ ತುದಿ ಚಪ್ಪಟೆ, ಲೈಸೀನಿನದು ಗುಂಡು. ಅರ್ಜಿನೈನಿನ ಟ್ಯೂಬಿಗೆ ಕೆಂಪು ಮುಚ್ಚಳ, ಲೈಸೀನಿನದಕ್ಕೆ ನೀಲಿ. ಎರಡನ್ನೂ ಐಸಿನಲ್ಲಿಟ್ಟಾಗ ಕೆಂಪಿನದು ಬೆಳ್ಳಗಾಯಿತು, ನೀಲಿಯದು ಹಾಗೆಯೇ ಉಳಿಯಿತು.

ಅವತ್ತು ಅವಳು ಓಡಿಬಂದು ಅವನನ್ನು ಕರೆದಿದ್ದಳು. 'ಅಂಜನಣ್ಣ, ಒಂದ್ನಿಮಿಷ ಬರ್ರಿ, ನನ್ನ ಕಣ್ಣು ಸರಿ ಐತೋ ಇಲ್ಲೋ ನೋಡಿ ಹೇಳ್ರಿ.' ಅವನು ಹೋಗಿ ನೋಡಿದ. ನೋಡಿ, ಎರಡನ್ನೂ ಇನ್ನೊಮ್ಮೆ ಬೆಳಕಿಗೆ ಹಿಡಿದು, ಇದು ಅಸೂಯೆಯೋ ಅನುಮಾನವೋ ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಂಡಿದ್ದ. 'ಯಾಕಂತ ಹೇಳ್ಲಾ?' ಎಂದಳು. 'ಚಪ್ಪಟೆ ಇದ್ದದ್ದು ಚಪ್ಪಟೆ ಮ್ಯಾಲೆ ಕೂರ್ತೈತೆ ಅಣ್ಣ. ಈ ದಾರದಾಗೆ ಟೈರೋಸಿನ್ ಉಂಗುರಗಳು ಚಪ್ಪಟೆ ಅದಾವಲ್ಲ, ಅದರ ಮ್ಯಾಲೆ ಅರ್ಜಿನೈನ್ ಹೋಗಿ ಮಲಕ್ಕೊಂಡುಬಿಡ್ತೈತೆ. ನಮ್ಮನ್ಯಾಗೆ ರೊಟ್ಟಿ ಒಟ್ಟಿದಂಗೆ. ಲೈಸೀನು ಮುದ್ದೆ. ರೊಟ್ಟಿ ಮ್ಯಾಲೆ ಮುದ್ದೆ ಎಲ್ಲಿ ಕೂರ್ತೈತೆ, ಉಳ್ಳಿ ಹೋಗ್ತೈತೆ.' ಅವನಿಗೆ ನಗು ಬಂದಿತ್ತು. ನಕ್ಕು, 'ಇದನ್ನ ಸರ್ ಮುಂದೆ ಹಿಂಗೇ ಹೇಳಬ್ಯಾಡ ಮಾರಾಯ್ತಿ' ಎಂದಿದ್ದ. ಹೇಳಬೇಡ ಎಂದದ್ದು ರೊಟ್ಟಿ ಮುದ್ದೆಯ ಮಾತನ್ನೋ, ಸಂಗತಿಯನ್ನೋ? ಆಗ ಇದು ಪ್ರಶ್ನೆಯೇ ಆಗಿರಲಿಲ್ಲ. ಟ್ಯೂಬನ್ನು ಹೇಗೆ ಹಿಡಿಯಬೇಕೆಂದು ಅವಳಿಗೆ ಕಲಿಸಿದವನೂ ಅವನೇ. ಹೊಟ್ಟೆಯ ಭಾಗ ಹಿಡಿಯಬಾರದು, ಮುಚ್ಚಳದ ಅಂಚು ಹಿಡಿಯಬೇಕು, ಅಂಗೈಯ ಬಿಸಿಗೇ ಇದು ಕರಗಿಬಿಡುತ್ತದೆ. ದಾವಣಗೆರೆಯ ಎಸ್.ಎಸ್. ಬಡಾವಣೆಯ ತನ್ನ ಕೋಣೆಯಲ್ಲಿ ಕಾಫಿ ಲೋಟವನ್ನೂ ಅವನು ಅಂಚಿನಲ್ಲೇ ಹಿಡಿಯುತ್ತಿದ್ದ, ಅಷ್ಟು ರೂಢಿಯಾಗಿಹೋಗಿತ್ತು. ಅಂಥವನ ಕೈ ಮರೆತೀತೆ? ಕೈ ಮರೆಯದಿದ್ದರೆ ಮರೆತದ್ದು ಯಾರು?

ಬುತ್ತಿ ಡಬ್ಬಿ ಕೊಟ್ಟುಬರಬೇಕು ಎಂದುಕೊಂಡು ಎದ್ದ. ಹಾಗಂದುಕೊಂಡದ್ದರಿಂದ ಏಳುವುದು ಸುಲಭವಾಯಿತು. ಡಬ್ಬಿಯ ನೆಪ ಬಾಗಿಲಿನವರೆಗೆ. ಬಾಗಿಲಲ್ಲಿ ನಿಂತು ಅವಳಿಗೆ ಹೇಳಿಬಿಡಬೇಕು, ನಿನ್ನ ಟ್ಯೂಬು ಬೆಳ್ಳಗಾಯಿತು, ಬೆಳಿಗ್ಗೆ ಆಗದಿದ್ದದ್ದು ನನ್ನಿಂದ, ಅಷ್ಟೇ, ಮಿಕ್ಕದ್ದು ತಾನಾಗಿ ಆಗುತ್ತದೆ. ನಾಳೆ ಬೆಳಿಗ್ಗೆ ಅವಳು ಸಂಶೋಧನೆಯ ವಿಷಯ ಬದಲಿಸುವ ಅರ್ಜಿ ಕೊಡಬೇಕಾಗಿತ್ತು. ಕೊಟ್ಟರೆ ಇಷ್ಟು ವರ್ಷದ ಕೆಲಸ ಇಲ್ಲವಾಗುತ್ತದೆ. ಅದಕ್ಕೂ ಮುಂಚೆ ಹೇಳಬೇಕು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಅಂಗೈಗಳನ್ನು ಅದರ ಮೇಲಿಟ್ಟ. ಸ್ಟೀಲು ಬಿಸಿಯಾಗಿತ್ತು, ತನ್ನಿಂದಲೋ ಬಿಸಿಲಿನಿಂದಲೋ ತಿಳಿಯಲಿಲ್ಲ. ಚಿಕ್ಕವನಿದ್ದಾಗ ಅಮ್ಮ ಅವನನ್ನು ಉಪ್ಪಿನಕಾಯಿ ಜಾಡಿಯ ಹತ್ತಿರಕ್ಕೆ ಬಿಡುತ್ತಿರಲಿಲ್ಲ. ಇವನ ಕೈ ಬಿಸಿ, ಕೈಗುಣ ಚೆನ್ನಾಗಿಲ್ಲ, ಮುಟ್ಟಿದರೆ ಬೂಷ್ಟು ಬರುತ್ತದೆ ಎಂದು ಬಂದವರ ಮುಂದೆ ನಗುನಗುತ್ತ ಹೇಳುತ್ತಿದ್ದಳು. ಬಂದವರೂ ನಗುತ್ತಿದ್ದರು. ಅವನು ಗೋಡೆಗೆ ಕೈ ಒತ್ತಿ ತಣ್ಣಗೆ ಮಾಡಿಕೊಂಡು ಬಂದು, ಈಗ ನೋಡು, ಎಂದು ತೋರಿಸುತ್ತಿದ್ದ. ಎಂ.ಎಸ್ಸಿ. ಮುಗಿದ ವರ್ಷ ಯಾರೋ ದೊಡ್ಡ ವಿಜ್ಞಾನಿ ಅವನ ಕೈ ಕುಲುಕಿ, ಮಾತಾಡುತ್ತಲೇ, ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದು ಮೆಲ್ಲಗೆ ಬೆರಳು ಒರೆಸಿಕೊಂಡಿದ್ದರು. ಅವರು ಅಂದು ಹೇಳಿದ ಮಾತೊಂದೂ ನೆನಪಿಲ್ಲ, ಕರವಸ್ತ್ರದ ಅಂಚಿನ ಕಂದು ಗೆರೆ ನೆನಪಿದೆ. ಇಂಥ ಕೈ ಎಂದು ಗೊತ್ತಿದ್ದವನು ಆ ಟ್ಯೂಬನ್ನು ಯಾಕೆ ತಾನಾಗಿ ಕೇಳಿ ಪಡೆದ?

ಕೇಳಿ ಪಡೆದದ್ದಂತೂ ನಿಜ. ಬೆಳಿಗ್ಗೆ ಕರೆಂಟು ಹೋಗಿ ಅಳತೆಯ ಯಂತ್ರ ನಿಂತಿತ್ತು. ಸುಷ್ಮಾಳ ಕೆಲಸ ನೋಡಲೆಂದೇ ಹೊರಗಿನಿಂದ ಬಂದಿದ್ದ ಪ್ರೊಫೆಸರ್ ಆಶಾರಾಣಿ ಮೇಡಂಗೆ ರೈಲಿಗೆ ಹೊತ್ತಾಗುತ್ತಿತ್ತು. ಗುರುಮೂರ್ತಿ ಸರ್ ಸುಷ್ಮಾಗೆ ಫೋನು ಮಾಡಿ, 'ಯಂತ್ರ ಬ್ಯಾಡ ಬಿಡು, ಕಣ್ಣಿಗೇ ಕಾಣ್ತೈತೆ ಅಂತೀಯಲ್ಲ, ಎರಡೂ ಟ್ಯೂಬ್ ಹಿಡ್ಕೊಂಡು ಬಾ, ಐಸ್ ಡಬ್ಬಿಗಿಬ್ಬಿ ಹೊತ್ಕೊಂಡು ಬರಬ್ಯಾಡ' ಎಂದಿದ್ದರು. ಅವಳ ಒಂದು ಕೈಯಲ್ಲಿ ಲ್ಯಾಪ್‌ಟಾಪು. ಇನ್ನೊಂದರಲ್ಲಿ ಎರಡು ಟ್ಯೂಬು ಹಿಡಿಯಲು ಹೋಗಿ ಒಂದು ಜಾರಿತು. 'ಕೊಡು ಇತ್ತಾಗೆ' ಎಂದು ಅವನು ಕೈ ಚಾಚಿದ. ಅವಳು ಕೊಟ್ಟಳು. ಕೆಂಪು ಮುಚ್ಚಳದ್ದು. ಅವನು ಅದನ್ನು ಸರಿಯಾಗಿಯೇ, ಅಂಚಿನಲ್ಲೇ, ಹಿಡಿದಿದ್ದ. ಅಲ್ಲಿಯವರೆಗೆ ಖಚಿತವಿದೆ. ಸರ್ ಕೋಣೆಯ ಬಾಗಿಲು ಹಾಕಿತ್ತು. ಒಳಗೆ ಚಹಾ ನಡೆದಿತ್ತು. ಮೊಗಸಾಲೆಯಲ್ಲಿ ಕಾದು ನಿಂತರು. ಸುಷ್ಮಾ ಏನೇನೋ ಹೇಳುತ್ತಿದ್ದಳು: ಅವರಪ್ಪ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಯಾವುದಕ್ಕಾಗಿ ಬೇಡಿಕೊಳ್ಳಬೇಕು, ಕೆಂಪು ಮುಚ್ಚಳಕ್ಕೋ ನೀಲಿಗೋ ಎಂದು ಕೇಳಿದ್ದು. ಅವನು ನಕ್ಕ. ನಾಲ್ಕನೆಯ ಅಧ್ಯಾಯವನ್ನು ಎಲ್ಲಿಂದ ತಿದ್ದಬೇಕು ಎಂದು ಯೋಚಿಸಿದ. ತಿದ್ದಿದರೆ ಐದನೆಯದೂ ನಿಲ್ಲುವುದಿಲ್ಲ. ಅದು ಆ ಹೊತ್ತಿಗೆ ಬಂದ ಯೋಚನೆಯೇ ಹೌದೆ, ಬಸ್ಸಿನಲ್ಲಿ ಕೂತು ಈಗ ಅಲ್ಲಿ ಕೊಂಡೊಯ್ದು ಇಡುತ್ತಿದ್ದೇನೆಯೆ? ಬಾಗಿಲು ತೆರೆಯಿತು. ಅವಳು ಲ್ಯಾಪ್‌ಟಾಪನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, 'ತರ್ರಿ ಅಣ್ಣ' ಎಂದು ಕೈ ಚಾಚಿದಳು. ಆಗ ಅವನು ಮುಷ್ಟಿ ಬಿಚ್ಚಿದ. ಬಿಚ್ಚಿದ್ದು ನೆನಪಿದೆ. ಹಾಗಾದರೆ ಮುಚ್ಚಿದ್ದು ಯಾವಾಗ? ಬಸ್ಸು ದೊಡ್ಡಬಾತಿ ದಾಟಿತು. ಮುಚ್ಚಿದ ಗಳಿಗೆ ಮಾತ್ರ ಎಲ್ಲೂ ಸಿಗಲಿಲ್ಲ. ಪಕ್ಕದಲ್ಲಿ ಕೂತವನ ತಲೆ ನಿದ್ದೆಯಲ್ಲಿ ಜಾರಿ ಇವನ ಭುಜಕ್ಕೆ ಒರಗಿತು, ಸರಿಸಲಿಲ್ಲ.

ಕೋಣೆಯೊಳಗೆ ಆಶಾರಾಣಿ ಮೇಡಂ ಎರಡೂ ಟ್ಯೂಬುಗಳನ್ನು ಕಿಟಕಿಗೆ ಹಿಡಿದು ನೋಡಿದ್ದರು. ಬಹಳ ಹೊತ್ತು ನೋಡಿದ್ದರು. ಕನ್ನಡಕ ತೆಗೆದೂ ನೋಡಿದ್ದರು.

'ಎರಡೂ ಒಂದೇ ಥರ ಇವೆಯಲ್ಲಮ್ಮ. ತಣ್ಣಗೆ ಮಾಡಿದ್ದೀರಾ?'

'ಈಗಷ್ಟೇ ಐಸಿನಿಂದ ತೆಗೆದದ್ದು ಮೇಡಂ. ಈಗಷ್ಟೇ.' ಸುಷ್ಮಾಳ ದನಿ ಅವಳದಾಗಿರಲಿಲ್ಲ. 'ಬೆಳಿಗ್ಗೆನೂ ಬೆಳ್ಳಗಾಗಿತ್ತು. ಅಂಜನಣ್ಣಾನೂ ನೋಡ್ಯಾರೆ.'

ಗುರುಮೂರ್ತಿ ಸರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಅತಿಥಿಯ ಎದುರು ಆದ ಮುಜುಗರವನ್ನು ನಗೆಯಲ್ಲಿ ಮುಗಿಸಲು ನೋಡಿದರು. 'ಮೇಡಂ, ಈ ಹುಡುಗಿಗೆ ಇದು ರೊಟ್ಟಿ ಮುದ್ದೆ ಲೆಕ್ಕ. ರೊಟ್ಟಿ ಅಂಟಿಕೊಳ್ತೈತಂತೆ, ಮುದ್ದೆ ಉಳ್ಳಿ ಹೋಗ್ತೈತಂತೆ. ಇವತ್ತು ರೊಟ್ಟಿನೂ ಉಳ್ಳೇತಿ ನೋಡ್ರಿ.' ಮೇಡಂ ಮುಗುಳ್ನಕ್ಕರು. ಅಂಜನಕುಮಾರನೂ ನಕ್ಕ. ಅದು ಸಭೆಗೆ ಕೊಡುವ ನಗು, ಅದರಲ್ಲಿ ಅರ್ಥವಿಲ್ಲ ಎಂದು ಈಗ ಅನ್ನಿಸಿದರೂ, ಆಗ ಸುಷ್ಮಾ ಸರ್ ಕಡೆಗಾಗಲಿ ಮೇಡಂ ಕಡೆಗಾಗಲಿ ನೋಡದೆ ಇವನ ಕಡೆಗೆ ಮಾತ್ರ ನೋಡಿದ್ದಳು.

'ನೀವು ನೋಡಿದ್ದೀರಾ?' ಎಂದು ಮೇಡಂ ಅವನನ್ನು ಕೇಳಿದರು.

'ನೋಡಿದ್ದೆ ಮೇಡಂ. ಸ್ವಲ್ಪ ಮಬ್ಬಾಗಿತ್ತು ಅನ್ಸುತ್ತೆ.'

ಸ್ವಲ್ಪ. ಅನ್ಸುತ್ತೆ. ಈ ಎರಡು ಪದಗಳು ಎಲ್ಲಿಂದ ಬಂದವು? ಸುಳ್ಳು ಹೇಳಿದೆ ಎನ್ನಲಾಗದು. ಮಬ್ಬು ಎಂಬುದು ಬಿಳುಪಿಗೆ ಹತ್ತಿರದ ಮಾತೇ. ಮೇಡಂ ಟ್ಯೂಬುಗಳನ್ನು ಮೇಜಿನ ಮೇಲಿಟ್ಟು ಗಡಿಯಾರ ನೋಡಿಕೊಂಡರು. ಇನ್ನೊಮ್ಮೆ ತಣ್ಣಗೆ ಮಾಡಿ ತರುತ್ತೇನೆಂದು ಸುಷ್ಮಾ ಬಾಯಿ ತೆರೆದಳು. 'ಸಾಕು ಕೂಡ್ರವ್ವ, ಮೇಡಮ್ಮೋರ ರೈಲು ತಪ್ಪುತ್ತೆ' ಎಂದು ಸರ್ ಎದ್ದರು. ಒಂದು ಸಲ ಬಂದು ಇನ್ನೊಂದು ಸಲ ಬಾರದ ಫಲಿತಾಂಶಕ್ಕೆ ಜೋತುಬೀಳಬೇಡಿ, ಚಿಕ್ಕ ವಯಸ್ಸು, ಬೇರೆ ವಿಷಯ ಯೋಚಿಸಿ ಎಂದು ಮೇಡಂ ಪ್ರೀತಿಯಿಂದಲೇ ಹೇಳಿದರು. ನಾಳೆ ಬೆಳಿಗ್ಗೆಯೇ ಅರ್ಜಿ ಕೊಡು ಎಂದರು ಸರ್. ಅವರಿಬ್ಬರೂ ಕಾರು ಹತ್ತಿ ಹೋದ ಮೇಲೆ ಮೇಜಿನ ಮೇಲೆ ಎರಡು ಟ್ಯೂಬುಗಳು ಉಳಿದವು. ಸುಷ್ಮಾ ಅವುಗಳನ್ನು ಮುಟ್ಟದೆ ಹೊರಟಳು. ಮುಟ್ಟಿದವನು ಅವನು. ಕೆಂಪು ಮುಚ್ಚಳದ್ದನ್ನು ಎತ್ತಿ ಪ್ರಯೋಗಾಲಯಕ್ಕೆ ಒಯ್ದು ಐಸಿನಲ್ಲಿ ನೆಟ್ಟ. ಹಾಗೆ ಮಾಡಿದನೆಂದರೆ ಗೊತ್ತಿತ್ತೆಂದೇ ಅಲ್ಲವೆ? ಗೊತ್ತಿಲ್ಲದವನು ಯಾಕೆ ಮತ್ತೆ ಐಸಿಗೆ ಇಡುತ್ತಾನೆ? ಆದರೆ ಸಂಶಯ ಬಂದವನೂ ಇಡಬಹುದು. ಸಂಶಯ ಬಂದದ್ದು ಯಾವಾಗ ಎಂದು ಕೇಳಿಕೊಂಡರೆ ಮತ್ತೆ ಮೊಗಸಾಲೆ, ಮತ್ತೆ ಬಾಗಿಲು, ಮತ್ತೆ ಬಿಚ್ಚಿದ ಮುಷ್ಟಿ.

ಹರಿಹರದಲ್ಲಿ ಇಳಿದಾಗ ಬಿಸಿಲು ಇಳಿಮುಖವಾಗಿತ್ತು. ದೇವಸ್ಥಾನದ ಹಿಂದಿನ ಓಣಿ ಎಂದು ಅವಳು ಹೇಳಿದ್ದಷ್ಟೇ ಗೊತ್ತು. ಚಹಾದಂಗಡಿಯಲ್ಲಿ ಅವಳ ಅಪ್ಪ ಭರಮಣ್ಣನವರ ಮನೆ ಎಲ್ಲಿ ಎಂದು ಕೇಳಿದ. 'ಯಾವ ಭರಮಣ್ಣ, ಪೈಪ್ ಫ್ಯಾಕ್ಟ್ರಿ ಭರಮಣ್ಣನಾ? ಮಗಳು ಸೈಂಟಿಸ್ಟ್ ಇದಾಳಲ್ಲ ಅವನಾ?' ಎಂದ ಅಂಗಡಿಯವನು. ಬೆಂಚಿನ ಮೇಲೆ ಕೂತವರಲ್ಲಿ ಒಬ್ಬ, 'ಏ, ರೊಟ್ಟಿ ಭರಮಣ್ಣ ಅನ್ನು, ಬ್ಯಾಗ ತಿಳೀತೈತೆ' ಎಂದ. ಉಳಿದವರು ನಕ್ಕು ಒಬ್ಬರಿಗೊಬ್ಬರು ಹತ್ತಿರ ಜರುಗಿ ಇವನಿಗೂ ಬೆಂಚಿನಲ್ಲಿ ಜಾಗ ಮಾಡಿದರು. ಅವನು ಕೂರಲಿಲ್ಲ. ಅಷ್ಟು ಸಲೀಸಾಗಿ ಜರುಗಿ ಜಾಗ ಮಾಡುವವರ ನಡುವೆ ಕೂರುವುದು ಅವನಿಗೆ ಎಂದೂ ಬಂದಿರಲಿಲ್ಲ. ಕೂತರೆ ಎಲ್ಲಿ ನೋಡಬೇಕು, ಕೈಗಳನ್ನು ಎಲ್ಲಿಡಬೇಕು ಎಂಬುದರಲ್ಲೇ ಹೊತ್ತು ಹೋಗುತ್ತಿತ್ತು. ಓಣಿಯಲ್ಲಿ ನಡೆಯುತ್ತ ಹೇಳಬೇಕಾದ ಮಾತನ್ನು ಜೋಡಿಸಿಕೊಂಡ. ಸುಷ್ಮಾ, ಒಂದು ವಿಷಯ. ಬೇಡ, ವಿಷಯ ಎನ್ನುವುದು ಬೇಡ. ಸುಷ್ಮಾ, ತಪ್ಪಾಗಿದೆ. ತಪ್ಪಾಗಿದೆ ಎಂದರೆ ತಾನಾಗಿ ಆಯಿತು ಎಂದಂತಾಯಿತು. ತಪ್ಪು ಮಾಡಿದೆ ಎಂದರೆ ಬೇಕೆಂದು ಮಾಡಿದೆ ಎಂದಂತಾಯಿತು. ಎರಡೂ ಅಲ್ಲದ ಒಂದು ಮಾತು ಬೇಕಾಗಿತ್ತು.

ಬಾಗಿಲಲ್ಲಿ ಡಬ್ಬಿ ನೋಡಿದ ಕೂಡಲೇ ಸುಷ್ಮಾಳ ತಾಯಿ ತಿಮ್ಮವ್ವ, 'ಅಯ್ಯೋ, ಉಂಡೇ ಇಲ್ಲ ನೋಡ್ರಿ, ಬಂದಾಗಿಂದ ಹಿಂದ್ಲ ಕಟ್ಟೆ ಮ್ಯಾಲೆ ಕುಂತಾಳೆ, ಕೇಳಿದ್ರೆ ಹೊಟ್ಟೆ ಹಸಿದಿಲ್ಲ ಅಂತಾಳೆ' ಎಂದು ಡಬ್ಬಿ ತೆಗೆದುಕೊಂಡು, ತೂಕ ನೋಡಿ, ಇವನ ಮುಖ ನೋಡಿದರು. ಭರಮಣ್ಣ ದಾವಣಗೆರೆ ಅಂಚಿನ ಕರೂರಿನ ಕೈಗಾರಿಕಾ ಪ್ರದೇಶದಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದು, ಬನಿಯನ್ನಿನಲ್ಲಿ ಕೂತಿದ್ದವರು ಎದ್ದು ಅಂಗಿ ಹಾಕಿಕೊಂಡರು. ಗುಂಡಿ ಹಾಕುತ್ತಲೇ, 'ಬರ್ರಿ ಸರ್, ಕೂಡ್ರಿ. ನಿಮ್ಮ ಹೆಸರು ಈ ಮನ್ಯಾಗೆ ದಿನಾ ಬರ್ತೈತೆ. ಅಂಜನಣ್ಣ ಹಿಂಗಂದ್ರು, ಅಂಜನಣ್ಣ ಹಂಗಂದ್ರು. ನೋಡಿದ್ದು ಇವತ್ತೇ' ಎಂದರು. ಕುರ್ಚಿಯ ಮೇಲಿದ್ದ ಬಟ್ಟೆಯ ರಾಶಿಯನ್ನು ತಿಮ್ಮವ್ವ ಬಾಚಿಕೊಂಡು ಒಳಗೆ ಹೋದರು. ಅವನು ಕೂತ. ಈ ಮನೆಯಲ್ಲಿ ಅವನ ಮಾತುಗಳಿಗೆ ಅಷ್ಟು ತೂಕವಿತ್ತೆ? ಯಾವ ಮಾತುಗಳು? ಮುಚ್ಚಳದ ಅಂಚು ಹಿಡಿಯಬೇಕು ಎಂದದ್ದೂ ಇಲ್ಲಿಗೆ ಬಂದಿರಬಹುದು.

'ಸರ್, ನಾನು ಓದಿದೋನಲ್ಲ' ಎಂದರು ಭರಮಣ್ಣ, ದನಿ ತಗ್ಗಿಸಿ. 'ಹುಟ್ಟಿದ್ದು ಕೊಕ್ಕನೂರು, ಹತ್ತನೇ ಕ್ಲಾಸಿಗೆ ಶರಣು ಹೊಡೆದು ಬಂದೋನು. ಇವಳು ಹೇಳಿದ್ದು ಅರ್ಧ ತಿಳೀತೈತೆ, ಅರ್ಧ ಇಲ್ಲ. ಆದ್ರೂ ಇಡೀ ಶಿಫ್ಟಿಗೆ ಪಾಠ ಮಾಡೀನಿ.'

'ಮಾಡ್ತಾರೆ, ಮಾಡ್ತಾರೆ' ಎಂದರು ತಿಮ್ಮವ್ವ ಒಳಗಿನಿಂದ. 'ಅಪ್ಪಗೆ ಪೈಪಿನ ಅಳತೆ ಬರಂಗಿಲ್ಲ, ಮಗಳಿಗೆ ರೊಟ್ಟಿ ತಟ್ಟಾಕ ಬರಂಗಿಲ್ಲ. ಇಬ್ರೂ ಸೇರಿ ಊರಿಗೆ ರೊಟ್ಟಿ ಪಾಠ.'

ಭರಮಣ್ಣ ನಕ್ಕರು, ನಗು ಬೇಗ ಮುಗಿಯಿತು. 'ಬಂದಾಗಿಂದ ಬಿಟ್ಬಿಡ್ತೀನಿ ಅನ್ನಾಕ ಹತ್ಯಾಳೆ. ವಿಷಯ ಬದಲಿಸೋದಲ್ಲ ಸರ್, ಪೂರಾ ಬಿಡೋದಂತೆ. ನಮ್ಮ ಫ್ಯಾಕ್ಟ್ರಿಯಾಗೆ ಟೆಸ್ಟಿಂಗಿಗೆ ಜನ ಬೇಕಂತ ನಾನೇ ಹಿಂದೊಂದ್ಸಲ ಹೇಳಿದ್ದೆ, ಅದಕ್ಕೆ ಸೇರ್ತೀನಿ ಅಂತಾಳೆ. ನನಗೇನೂ ಬ್ಯಾಡ ಅಲ್ಲ. ಒಂದು ಮಾತು ಹೇಳ್ರಿ ನೀವು. ಅವಳ ಕೆಲಸದಾಗೆ ಹುರುಳೈತೋ ಇಲ್ಲೋ? ಇಲ್ಲ ಅಂದ್ರೆ ಇಲ್ಲ ಅನ್ರಿ. ನಾವು ಬೇಜಾರ್ ಮಾಡ್ಕಳಲ್ಲ.'

ಬಾಗಿಲಿನಲ್ಲಿ ಹೇಳಬೇಕೆಂದುಕೊಂಡದ್ದು ಬಾಗಿಲು ದಾಟಿ ಒಳಗೆ ಬಂದು ಕೂತಿತ್ತು. ಇದೆ ಎಂದರೆ ಸಾಕಾಗಿತ್ತು. ಒಂದು ಅಕ್ಷರ ಹೆಚ್ಚಿನ ಮಾತು ಬೇಡ. ಆದರೆ ಇದೆ ಎಂದ ಮೇಲೆ, ಹಾಗಾದರೆ ಇವತ್ತು ಯಾಕೆ ಹೀಗಾಯಿತು ಎಂದು ಈ ಮನುಷ್ಯ ಕೇಳಿಯೇ ಕೇಳುತ್ತಾನೆ. ಕೇಳುವ ಹಕ್ಕು ಅವನಿಗಿದೆ. ಆಗ ತಿಮ್ಮವ್ವ ಚಹಾದ ಬಟ್ಟಲು ಹಿಡಿದು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿರುತ್ತಾರೆ. 'ಹುರುಳಿಲ್ಲ ಅಂತಲ್ಲ' ಎಂದ ಅಂಜನಕುಮಾರ. 'ಇಂಥ ಕೆಲಸದಲ್ಲಿ ಏಳುಬೀಳು ಇರುತ್ತೆ. ಆಕಾರದ ವಿಷಯ ಸೂಕ್ಷ್ಮ.' ಭರಮಣ್ಣ ಅದರ ಮುಂದಿನ ಮಾತಿಗೆ ಕಾದರು. ಅವರು ಮೆಲ್ಲಗೆ ತಲೆಯಾಡಿಸಿ, ತಮ್ಮ ಎಲ್ಲ ಪ್ರಶ್ನೆಗೂ ಉತ್ತರ ಸಿಕ್ಕಿತೆಂಬಂತೆ, 'ಸೂಕ್ಷ್ಮ ಐತೆ. ಖರೆ' ಎಂದರು. ಆ ಖರೆ ಎಂಬುದರಲ್ಲಿ ಎಂಥದೋ ಕೊನೆಯಾದಂತೆ ಅವನಿಗೆ ಕೇಳಿಸಿತು. ತಿದ್ದಬೇಕೆನ್ನಿಸಿತು. ಚಹಾ ಬಂತು. ಬಟ್ಟಲನ್ನು ಅಂಚಿನಲ್ಲಿ ಹಿಡಿದದ್ದು ನೋಡಿ, 'ಸುಡ್ತೈತೇನ್ರಿ, ಬಸಿಗೆ ಹಾಕ್ಕಳ್ರಿ' ಎಂದರು ತಿಮ್ಮವ್ವ.

ಹಿತ್ತಲಿನ ಕಟ್ಟೆಯ ಮೇಲೆ ಸುಷ್ಮಾ ನಲ್ಲಿಯ ಕಡೆ ಮುಖ ಮಾಡಿ ಕೂತಿದ್ದಳು. ಅವನನ್ನು ಕಂಡು ಎದ್ದಳು, ಮತ್ತೆ ಕೂತಳು. ಅತ್ತ ಕಣ್ಣುಗಳಲ್ಲ, ಅತ್ತಾದ ಮೇಲೆ ಬಹಳ ಹೊತ್ತು ಯೋಚಿಸಿದ ಕಣ್ಣುಗಳು. ಅವನು ನಿಂತೇ ಇದ್ದ. ನಲ್ಲಿಯ ಕೆಳಗಿನ ಬಕೆಟ್ಟಿಗೆ ಹನಿ ಬೀಳುತ್ತಿತ್ತು. ಹೇಳುವುದಾದರೆ ಈಗ, ಮುಂದಿನ ಹನಿಗೆ ಮುಂಚೆ, ಎಂದುಕೊಂಡ, ಹನಿ ಬಿತ್ತು. ಅವಳೇ ಮಾತಾಡಿದಳು.

'ನನಗೆ ಗೊತ್ತಾತಣ್ಣ.'

ಎಂಥ ನೆಮ್ಮದಿ ಎಂದು ಅವನೊಳಗೆ ಯಾರೋ ಕೂತುಬಿಟ್ಟರು. ಗೊತ್ತಾಯಿತಲ್ಲ. ಇನ್ನು ತಾನು ಹೇಳಬೇಕಾಗಿಲ್ಲ. ಅವಳು ಹೇಳಲಿ, ಕೇಳುತ್ತೇನೆ, ಹೌದು ಎನ್ನುತ್ತೇನೆ.

'ಮನೆಗೆ ಬಂದ ಕೂಡ್ಲೆ ಅವ್ವ ಕೈ ಹಿಡಿದ್ಲು. ಜ್ವರ ಬಂದೈತೇನೆ, ಕೈ ಕಾದು ಕೆಂಡ ಆಗ್ಯಾವೆ ಅಂದ್ಲು. ಆವಾಗ ಹೊಳೀತು.' ಅವಳು ಎರಡೂ ಅಂಗೈಗಳನ್ನು ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡು ನೋಡಿದಳು, ಬೇರೆ ಯಾರದೋ ಎಂಬಂತೆ. 'ಪ್ರೋಟೀನು ಕೆಟ್ಟಿರಲಿಲ್ಲ. ಕೈ ಬಿಸಿಗೆ ಕರಗೈತೆ. ಬಾಗಿಲ ಹತ್ರ ಎಷ್ಟೊತ್ತು ನಿಂತ್ವಿ ನಾವು. ಹೊಟ್ಟೆ ಭಾಗಾನೇ ಹಿಡ್ಕಂಡಿದ್ದೆ ಅನ್ಸುತ್ತೆ. ಹೆದರಿಕಿಯಾಗೆ. ನೀವು ಎಷ್ಟು ಸಲ ಹೇಳಿದ್ರಿ ಅಂಚು ಹಿಡಿ ಅಂತ.'

ಅವನು ಅವಳ ಕೈಗಳನ್ನೇ ನೋಡುತ್ತ ನಿಂತ. ಅವಳು ಹಿಡಿದಿದ್ದದ್ದು ನೀಲಿ ಮುಚ್ಚಳದ್ದು. ಬಾಗಿಲಲ್ಲಿ ಒಂದು ಗಳಿಗೆ, ಒಳಗೆ ಹೋಗಿ ಮೇಜಿನ ಮೇಲಿಡುವ ಮಟ್ಟಿಗೆ, ಎರಡೂ ಅವಳ ಕೈಯಲ್ಲಿದ್ದವು. ಅಷ್ಟರಿಂದಲೇ ಎಲ್ಲವನ್ನೂ ತಾನೇ ಹಿಡಿದೆ ಎಂದು ಒಬ್ಬಳಿಗೆ ನೆನಪಾಗಬಲ್ಲದೆ? ಆಗಬಲ್ಲದು. ನಡುಗುವವರಿಗೆ ಕೊನೆಯದಷ್ಟೇ ನೆನಪಿರುತ್ತದೆ. ಅಥವಾ ಅವಳಿಗೆ ಎಲ್ಲವೂ ನೆನಪಿದ್ದು, ಅವನು ಬಾಯಿಬಿಡಲೆಂದು ಜಾಗ ಮಾಡಿ ಕೊಡುತ್ತಿದ್ದಾಳೆಯೆ? ಅವಳ ಮುಖದಲ್ಲಿ ಅದನ್ನು ಹುಡುಕಿದ. ದಣಿವಿತ್ತು. ಅದರಾಚೆ ಏನಿತ್ತೋ ಕಾಣಲಿಲ್ಲ.

'ನಾಳೆ ನೀವೊಂದು ಮಾತು ಸರ್‌ಗೆ ಹೇಳ್ತೀರಾ?' ಎಂದಳು. 'ನಾನು ಹೇಳಿದ್ರೆ ನೆಪ ಅಂತಾರೆ. ನೀವು ಹೇಳಿದ್ರೆ ಇನ್ನೊಂದ್ಸಲ ನೋಡ್ತಾರೆ.'

'ಈಗ ಹೇಳಿದ್ರೆ...' ಎಂದು ಶುರು ಮಾಡಿದ. ಈಗ ಹೇಳಿದರೆ ಏನು? ಸರ್ ನೋಡುತ್ತಾರೆ, ಬೆಳ್ಳಗಾಗುತ್ತದೆ, ಯಾರ ಕೈ ಎಂದು ಕೇಳುತ್ತಾರೆ. 'ಯಾರು ಹೇಳಿದ್ರೂ ನೆಪ ಅಂತಲೇ ಅನ್ಕೋಬಹುದು ಅವರು.'

ಅವಳು ತಲೆಯೆತ್ತಿದಳು. ನೇರವಾಗಿ ನೋಡಿದಳು, ಬೆಳಿಗ್ಗೆ ಸರ್ ಕೋಣೆಯಲ್ಲಿ ನೋಡಿದಂತೆ. 'ಅಣ್ಣ, ಕೆಂಪು ಮುಚ್ಚಳದ್ದು ಯಾರ ಕೈಯಾಗಿತ್ತು, ನೆನಪೈತಾ ನಿಮಗೆ?'

ಪ್ರಶ್ನೆ ಅಷ್ಟು ಸರಳವಾಗಿತ್ತು. ಹನಿಗೂ ಹನಿಗೂ ನಡುವೆ ಎಷ್ಟೊಂದು ಜಾಗವಿತ್ತು. ಅವನು ಆ ಜಾಗದಲ್ಲಿ ನಿಂತು, ಬರುವ ವರ್ಷ ಪ್ರಬಂಧ ಒಪ್ಪಿಸುವ ದಿನವನ್ನೋ, ಗುರುಮೂರ್ತಿ ಸರ್ ಮುಖವನ್ನೋ ಕಾಣಬೇಕಾಗಿತ್ತು. ಕಂಡದ್ದು ಕಂದು ಅಂಚಿನ ಒಂದು ಕರವಸ್ತ್ರ. ಬೇಕೆಂದು ಮಾಡಿದೆ ಎಂದು ಹೇಳಲು ಗೊತ್ತಿರಲಿಲ್ಲ. ಅರಿಯದೆ ಆಯಿತು ಎಂದು ಹೇಳಲೂ ಗೊತ್ತಿರಲಿಲ್ಲ. ಯಾವುದೆಂದು ತಿಳಿಯದೆ ಹೇಳುವುದು ಹೇಗೆ, ತಿಳಿದ ಮೇಲೆ ಹೇಳಿದರಾಯಿತು ಎಂದು ತನಗೆ ತಾನೇ ಅಂದುಕೊಳ್ಳುವಾಗಲೇ, ಅವಳು ಕೇಳಿದ್ದು ಅದನ್ನಲ್ಲ, ಯಾಕೆ ಎಂದು ಅವಳು ಕೇಳಲೇ ಇಲ್ಲ, ಯಾರ ಕೈ ಎಂದಷ್ಟೇ ಕೇಳಿದ್ದು ಎಂಬುದೂ ಹೊಳೆಯಿತು.

'ನೆನಪಿಲ್ಲ ಸುಷ್ಮಾ' ಎಂದ.

'ನನ್ನ ಹತ್ರನೇ ಇತ್ತು ಬಿಡ್ರಿ' ಎಂದಳು ಅವಳು. ಎದ್ದು ನಲ್ಲಿ ಬಿಗಿ ಮಾಡಿದಳು. ಹನಿ ನಿಲ್ಲಲಿಲ್ಲ. 'ಒಂದು ಟ್ಯೂಬು ಹಿಡಿಯೋಕೆ ಬರದೋಳು ಇನ್ನೇನು ಮಾಡ್ತೀನಿ. ನಾಳೆ ಬಿಡ್ತೀನಿ ಅಂತಲೇ ಬರೆದು ಕೊಡ್ತೀನಿ. ಅಪ್ಪಗೆ ನೀವೇನೂ ಹೇಳಬ್ಯಾಡ್ರಿ, ನಾನು ಹೇಳ್ತೀನಿ.' ಆಮೇಲೆ, ಮನೆಗೆ ಬಂದವರಿಗೆ ಹೇಳುವಂತೆ, 'ಚಾ ಕುಡಿದ್ರಾ?' ಎಂದಳು.

ಕುಡಿದೆ ಎಂದ. ಭರಮಣ್ಣ ಬಸ್‌ಸ್ಟ್ಯಾಂಡಿನವರೆಗೆ ಬರುತ್ತೇನೆಂದರು, ಬೇಡವೆಂದರೂ ಬಂದರು. ದಾರಿಯಲ್ಲಿ ಎದುರಾದ ಒಬ್ಬಿಬ್ಬರಿಗೆ, ಮಗಳ ಯೂನಿವರ್ಸಿಟಿಯವರು, ಡಬ್ಬಿ ಕೊ​ಡಾಕ ಅಂತ ದಾವಣಗೆರೆಯಿಂದ ಇಲ್ಲಿಗಂಟ ಬಂದಾರೆ ನೋಡ್ರಿ, ಎಂದು ಹೇಳಿದರು. ಬಸ್ಸು ನಿಂತಿತ್ತು. ಭರಮಣ್ಣ ಕಿಟಕಿಯ ಹತ್ತಿರ ನಿಂತು ಒಳಕ್ಕೆ ಕೈ ಚಾಚಿ ಅವನ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು, ಬಸ್ಸು ಅಲುಗುವವರೆಗೆ ಬಿಡಲಿಲ್ಲ. 'ಬರ್ತಿರ್ರಿ ಸರ್' ಎಂದರು. ಬಿಟ್ಟ ಮೇಲೆ ಅವರು ಕೈ ಒರೆಸಿಕೊಳ್ಳಲಿಲ್ಲ. ಊರಾಚೆಯ ಸೇತುವೆ ದಾವಣಗೆರೆಯ ದಾರಿಗೆ ಎದುರು ದಿಕ್ಕಿಗಿದ್ದುದರಿಂದ ಹರಿಹರದ ಹೊಳೆ ಕಾಣಲಿಲ್ಲ.

ಮರುದಿನ ಸುಷ್ಮಾ ಸಂಶೋಧನೆ ಬಿಡುತ್ತೇನೆಂದು ಬರೆದುಕೊಟ್ಟಳು. ಕೆಂಪು ಮುಚ್ಚಳದ ಟ್ಯೂಬು ಬಾಗಿಲು ತೆರೆಯುವವರೆಗೂ ತನ್ನ ಕೈಯಲ್ಲಿತ್ತು ಎಂದು ಅಂಜನಕುಮಾರ ಅವಳಿಗೆ ಹೇಳಲಿಲ್ಲ.